ಒಂದು ಗಂಟೆ ಮೊದಲೇ ಬಂದ ನಮ್ಮವರು

ಐರ್ಲೆಂಡಿನ ನೇಸ್ ಪಟ್ಟಣದ ಹೊರಗಿರುವ ನಮ್ಮ ಒಪೆರಾ ಮನೆಗೆ ಈಗ ಐದು ವರ್ಷ. ‘ನಮ್ಮ’ ಎಂದು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ. ಅದರ ಗೋಡೆಗೆ ಬಣ್ಣ ಬಳಿದವರಲ್ಲಿ ನಾನೂ ಒಬ್ಬಳು. ಮೊಣಕೈಗೆ ಅಂಟಿದ ಬಣ್ಣದೊಂದಿಗೇ ನರ್ಸ್ ಡ್ಯೂಟಿಗೆ ಹೋಗಿ ಬೈಸಿಕೊಂಡಿದ್ದೇನೆ.

ಅದು ಮೊದಲು ಧಾನ್ಯದ ಉಗ್ರಾಣವಾಗಿತ್ತು. ನನಗೆ ಹಾಡು ಕಲಿಸುತ್ತಿದ್ದ ಐರಿಷ್ ಟೀಚರಿಗೆ, ಎಪ್ಪತ್ತು ದಾಟಿದ ಮೇಲೆ, ಅಲ್ಲಿ ಒಪೆರಾ ಆಡಿಸುವ ಹುಚ್ಚು ಹಿಡಿಯಿತು. ಒಪೆರಾ ಎಂದರೆ ಕಥೆಯನ್ನೆಲ್ಲ ಹಾಡಿಯೇ ಹೇಳುವ ನಾಟಕ. ಕಂಪನಿ ನಾಟಕ ನೋಡಿ ಬೆಳೆದವರು ಅದಕ್ಕೆ ಬೆಚ್ಚಿಬೀಳಬೇಕಾಗಿಲ್ಲ. ಆದರೆ ಉಗ್ರಾಣದಲ್ಲಿ ಟೀಚರ ಅಣ್ಣನಿಗೂ ಅರ್ಧ ಪಾಲಿತ್ತು. ಮೊದಲ ಆಟಕ್ಕೆ ಜನ ತುಂಬದಿದ್ದರೆ ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತೇನೆ ಎಂದು ಆತ ಹೇಳಿಬಿಟ್ಟಿದ್ದ.

ನಲವತ್ತು ಜನ ಕನ್ನಡದವರನ್ನು ಕರೆತರುವ ಜವಾಬ್ದಾರಿಯನ್ನು ನಾನು ಹೊತ್ತೆ. ಆಟ ಏಳೂವರೆಗೆ. ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ. ನಮ್ಮವರ ಟೈಮು ನನಗೆ ಗೊತ್ತಿಲ್ಲವೇ? ಎಲ್ಲರಿಗೂ ಆರೂವರೆ ಎಂದು ಸುಳ್ಳು ಹೇಳಿದೆ.

ಅವತ್ತೇ ಎಲ್ಲರೂ ಸರಿಯಾಗಿ ಆರೂವರೆಗೆ ಬಂದಿಳಿದರು! ರೇಷ್ಮೆ ಸೀರೆ, ಅದರ ಮೇಲೆ ದಪ್ಪ ಜಾಕೆಟ್ಟು. ಒಳಗೆ ನೋಡಿದರೆ ಒಂದು ಕುರ್ಚಿಯೂ ಇಲ್ಲ. ಬಾಡಿಗೆ ಕುರ್ಚಿಗಳ ಲಾರಿ ದಾರಿಯಲ್ಲಿ ಕೆಟ್ಟು ನಿಂತು, ಆಗಷ್ಟೇ ಅಂಗಳಕ್ಕೆ ಬಂದಿತ್ತು. ಹಾಡುವವರೆಲ್ಲ ವೇಷ ಕಟ್ಟುತ್ತಿದ್ದರು; ಕುರ್ಚಿ ಇಳಿಸಲು ಟೀಚರ್, ನಾನು, ಡ್ರೈವರ್, ಮೂರೇ ಜನ. ಟೀಚರ ಮುಖದಲ್ಲಿ ಕಳೆಯೇ ಇರಲಿಲ್ಲ.

“ಏನ್ರೀ, ಆರೂವರೆ ಅಂದ್ರಿ, ಇನ್ನೂ ಕುರ್ಚೀನೇ ಹಾಕಿಲ್ಲ!” ಕ್ಯಾಸಲ್‌ನಾಕ್‌ನಿಂದ ಬಂದಿದ್ದ ಹಿರಿಯರೊಬ್ಬರು ರೇಗಿದರು.

“ಆಟ ಇರೋದು ಏಳೂವರೆಗೆ ಸರ್, ನಾನೇ ಸುಳ್ಳು ಹೇಳ್ದೆ. ನೀವೆಲ್ಲ ಟೈಮಿಗೆ ಬರ್ತೀರಾ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿ, ಜಾಕೆಟ್ ಬಿಚ್ಚಿದರು. “ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ. ಬನ್ರಪ್ಪ ಎಲ್ರೂ, ಮದ್ವೆಮನೆ ಕೆಲ್ಸ ಅಂದ್ಕೊಳ್ಳಿ!”

ಸೆರಗುಗಳು ಸೊಂಟ ಸೇರಿದವು. ಕುರ್ಚಿಗಳು ಕೈಯಿಂದ ಕೈಗೆ ದಾಟಿ ಒಳಗೆ ಸಾಲುಗಟ್ಟಿದವು. ಸಾಲು ಸೊಟ್ಟಗಾಯಿತೆಂದು ಜಗಳವೂ ಆಯಿತು. ಏಳು ಹೊಡೆಯುವುದರೊಳಗೆ ಕೆಲಸ ಮುಗಿದಿತ್ತು. ಅಷ್ಟು ಹೊತ್ತಿಗೆ ಸುತ್ತಮುತ್ತಲಿನ ಐರಿಷ್ ಜನರೂ ಬರತೊಡಗಿದರು. ನಮ್ಮವರು ಬಾಗಿಲಲ್ಲಿ ನಿಂತು, ಬನ್ನಿ ಬನ್ನಿ ಎಂದು ಕೈಹಿಡಿದು ಒಬ್ಬೊಬ್ಬರನ್ನೂ ಕೂರಿಸಿದರು, ಟೀಚರ ಅಣ್ಣನನ್ನೂ. ನನಗೆ ಅವರ ಮೇಲೆ ಎಷ್ಟು ಅಭಿಮಾನ ಉಕ್ಕಿತೆಂದರೆ, ಕಣ್ಣು ಒರೆಸಿಕೊಳ್ಳಬೇಕಾಯಿತು.

ಪರದೆ ಸರಿಯುವಾಗ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಬೀಗುತ್ತ ಹಿಂತಿರುಗಿ ನೋಡಿದರೆ, ಟೀಚರ್ ಗೋಡೆಗೊರಗಿ ನಿಂತಿದ್ದಾರೆ! ಊರಿಗೆಲ್ಲ ಕುರ್ಚಿ ಹಾಕಿದ ನಾವು ಅವರಿಗೊಂದನ್ನು ಇಟ್ಟಿರಲಿಲ್ಲ. ನಾಚಿಕೆಯಿಂದ ಎದ್ದು ಹೋಗಿ, ನನ್ನ ಜಾಗಕ್ಕೆ ಬನ್ನಿ ಎಂದೆ.

ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು: “ಸುಮ್ಮನೆ ಕೂತ್ಕೋ ಹೋಗು. ನನಗೇ ಜಾಗ ಸಿಕ್ಕಿಲ್ಲ ಅನ್ನೋದನ್ನ ನಮ್ಮಣ್ಣ ಕಣ್ತುಂಬ ನೋಡ್ಲಿ.”