ನಾಮದೇವ ಚಂದ ಮಾಡಿಕೊಟ್ಟ ಮನೆ

ಕರೋಶಿಯ ನಾಮದೇವ ಗೌಂಡಿ ಕೆಲಸಕ್ಕೆ ಇಳಿದದ್ದು ಹದಿನಾಲ್ಕನೆಯ ವಯಸ್ಸಿಗೆ. ಈಗ ಐವತ್ತು ದಾಟಿದೆ. ಹೊಸ ಮನೆ ಕಟ್ಟಿಸುವವರು ಚಿಕ್ಕೋಡಿಯಿಂದ ಎಂಜಿನಿಯರನ್ನು ಕರೆಸುತ್ತಾರೆ; ಹಳೆಯ ಮನೆಯನ್ನು ಬೀಳಿಸದೆ ಚಂದ ಮಾಡಿಸಬೇಕೆನ್ನುವವರು ಮಾತ್ರ ನಾಮದೇವನನ್ನೇ ಹುಡುಕಿಕೊಂಡು ಬರುತ್ತಾರೆ. ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಅವನು ಬಡಿದು ನೋಡಿಯೇ ಹೇಳಬಲ್ಲ.

ಕಳೆದ ವರ್ಷ ಅದೇ ಊರಿನ ರೈತ ಹಾಲಸಿದ್ದ ಅವನಿಗೆ ಹೇಳಿಕಳಿಸಿದ. ಮಗನ ಮದುವೆ ಗೊತ್ತಾಗಿತ್ತು, ನಿಪ್ಪಾಣಿಯ ಬೀಗರು ಬರುವವರಿದ್ದರು. ಮನೆ ಹಳೆಯ ಕಾಲದ್ದು. ಬಾಗಿಲು ದಾಟಿದರೆ ದನ ಕಟ್ಟುವ ತಗ್ಗು, ಅದಕ್ಕಿಂತ ಮೂರು ಅಡಿ ಎತ್ತರಕ್ಕೆ ಪಡಸಾಲೆ, ಅದರಾಚೆ ಕತ್ತಲೆಯ ಅಡಿಗೆಮನೆ. ಎಮ್ಮೆಗಳು ಹೊಲದ ಶೆಡ್ಡಿಗೆ ಹೋಗಿದ್ದವು. ನಾಮದೇವನ ಅಪ್ಪ ಸತ್ತ ದನ ಒಯ್ಯಲು ಈ ಮನೆಗೆ ಬರುತ್ತಿದ್ದ. ತಗ್ಗು ಬಿಟ್ಟು ಮೇಲೆ ಹತ್ತಿದವನಲ್ಲ.

“ನಾಮದೇವ, ಈ ತಗ್ಗಿಗೆ ಮುರುಮ ಮಣ್ಣ ತುಂಬಿ ಎಲ್ಲಾ ಒಂದ ಲೆವಲ್ ಮಾಡಿಬಿಡು,” ಎಂದ ಹಾಲಸಿದ್ದ.

“ಬ್ಯಾಡಣ್ಣಾ. ತುಂಬಿದ್ರ ಈ ಕಡೆ ಛತ್ತ ತಲಿಗಿ ಬಡೀತೈತಿ. ಕೆಳಗಿಂದು ಹಾಲ್ ಮಾಡೂಣು, ಅಗಲಾಗಿ ಐದ ಮೆಟ್ಟಲಾ ಕೊಡ್ತೀನಿ. ನಡುವಿನ ಗ್ವಾಡಿ ಒಡದು ಬೀಮ್ ಹಾಕಿದ್ರ ಅಡಗಿಮನಿತನಕ ಬೆಳಕ ಬರತೈತಿ.”

ಮೂರು ತಿಂಗಳು ಕೆಲಸ ನಡೆಯಿತು. ನಾಮದೇವನ ಹೆಂಡತಿ ಸುಂದ್ರವ್ವ ಕಲಸಿದ ಸಿಮೆಂಟು ಹೊತ್ತಳು. ಹಾಲಸಿದ್ದನ ಹೆಂಡತಿ ರಾಮವ್ವನನ್ನು ನಿಲ್ಲಿಸಿ, ಅವಳ ಸೊಂಟದ ಎತ್ತರ ಅಳೆದು ನಾಮದೇವ ಒಲೆಯ ಕಟ್ಟೆ ಕಟ್ಟಿದ. ದೇವರ ಗೂಡಿಗೂ ಅವನೇ ಟೈಲ್ಸ್ ಕೂರಿಸಿದ. ಯಾರೂ ಬೇಡವೆನ್ನಲಿಲ್ಲ. ಚಹಾ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು, ಈಗ ಎಲ್ಲ ಕಡೆಯೂ ಹಾಗೇ ಅಲ್ಲವೇ ಎಂದು ಅವನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಗೋಡೆ ಒಡೆದ ದಿನ ಅಡಿಗೆಮನೆಯಲ್ಲಿ ಮೊದಲ ಸಲ ಬಿಸಿಲು ಬಿದ್ದಾಗ ರಾಮವ್ವ ಚಪ್ಪಾಳೆ ತಟ್ಟಿದ್ದಳು. ಅಪ್ಪನ ಕಾಲ ಮುಗಿಯಿತು ಎಂದುಕೊಂಡಿದ್ದ ನಾಮದೇವ.

ವಾಸ್ತುಶಾಂತಿಗೆ ಹಾಲಸಿದ್ದ ತಾನೇ ಬಂದು ಕರೆದ. ಸುಂದ್ರವ್ವ ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟಳು, ನಾಮದೇವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ. ಪಡಸಾಲೆಯಲ್ಲಿ ಬೀಗರೊಬ್ಬರು ಬೀಮಿನ ಕಡೆ ನೋಡಿ, “ಇದನ್ನ ಹೆಂಗ ಕೂಡಿಸ್ಯಾರ?” ಎಂದು ಕೇಳಿದರು. ತೋರಿಸಬೇಕೆಂದು ನಾಮದೇವ ಕೆಳಗಿನ ಹಾಲಿನಿಂದ ಎರಡನೆಯ ಮೆಟ್ಟಿಲಿಗೆ ಕಾಲಿಟ್ಟ.

“ನಾಮದೇವಣ್ಣಾ, ಅಲ್ಲೇ ಕುಂದರ್ರಿ,” ಎಂದಳು ರಾಮವ್ವ ಮೇಲಿನಿಂದ. ದನಿಯಲ್ಲಿ ಒರಟುತನ ಇರಲಿಲ್ಲ. “ಅಲ್ಲಿ ಫ್ಯಾನಿನ ಗಾಳಿ ಚಲೋ ಬರತೈತಿ. ಮ್ಯಾಲ ದೇವರ ಪೂಜಾ ನಡದೈತಿ.”

ಬಾಗಿಲ ಪಕ್ಕ ಎರಡು ಕುರ್ಚಿ ಮೊದಲೇ ಹಾಕಿದ್ದರು. ಬಡಿಗನನ್ನೂ ಕರೆಂಟಿನ ಕೆಲಸದವನನ್ನೂ ಕೈ ಹಿಡಿದು ಮೇಲಿನ ಪಂಕ್ತಿಗೆ ಕರೆದೊಯ್ದರು. ಅಲ್ಲಿ ಸ್ಟೀಲಿನ ತಾಟು. ಇವರಿಬ್ಬರ ಮಡಿಲಿಗೆ ಕಾಗದದ ತಟ್ಟೆ ಬಂತು.

“ಏಳ್ರಿ, ಹೋಗೂಣು,” ಎಂದಳು ಸುಂದ್ರವ್ವ ಮೆಲ್ಲಗೆ.

“ಎದ್ದ ಹೋದ್ರ ನಾವ ಸೊಕ್ಕಿನವ್ರು ಅನಿಸ್ಕೋತೀವಿ. ಉಣ್ಣು.”

ಉಂಡರು. ಹಾಲಸಿದ್ದ ಕೆಳಗಿಳಿದು ಬಂದು ಶಾಲು ಹೊದಿಸಿ, ಬಟ್ಟೆಯ ಆಹೇರ ಮಾಡಿದ, ಫೋಟೋ ತೆಗೆಸಿದ. ದಾರಿಯಲ್ಲಿ ಸುಂದ್ರವ್ವ, “ತಗ್ಗ ತುಂಬು ಅಂದಾಗ ತುಂಬಿಬಿಡಬೇಕಿತ್ತು ನೀವು,” ಎಂದಳು.

“ತುಂಬಿದ್ರ ಅಂಗಳದಾಗ ಕುಂಡ್ರಸ್ತಿದ್ರು,” ಎಂದ ನಾಮದೇವ.

ನಾಲ್ಕು ತಿಂಗಳ ಮೇಲೆ ಅಡಿಗೆಮನೆಯ ಟೈಲ್ಸ್ ಎರಡು ಮೇಲೆದ್ದವು. ಫೋನು ಬಂತು. ಸಿಮೆಂಟು ಮೆತ್ತಿದ ಅಂಗಿಯಲ್ಲೇ ಹೋದ. “ಬರ್ರಿ ಬರ್ರಿ, ಸೀದಾ ಒಳಗ ಬರ್ರಿ,” ಎಂದಳು ರಾಮವ್ವ. ಒಲೆಯ ಪಕ್ಕದಲ್ಲೇ ಕೂತು ಕಿತ್ತು ಕೂರಿಸಿದ. ಹೇಗೋ ಒಂದು ಮೆತ್ತಿ ಎದ್ದುಬಿಡೋಣ ಎಂದು ಬಂದಿದ್ದ, ಕೈ ಕೇಳಲಿಲ್ಲ. ಸಂದು ಒಂದು ಕೂದಲೂ ಹೆಚ್ಚುಕಡಿಮೆ ಆಗದಂತೆ ಕೂಡಿಸಿಯೇ ಎದ್ದ.

ಹೊರಗೆ ಬಂದು ಹಾಲಸಿದ್ದನಿಗೆ, “ಅಣ್ಣಾ, ಇನ್ನ ಮುಂದ ಬ್ಯಾರೆಯವ್ರನ್ನ ಕರೀರಿ,” ಎಂದ.

“ಯಾಕೋ? ಊಟಾ ಹಾಕೇವಿ, ಶಾಲ ಹೊಚ್ಚೇವಿ. ನಮ್ಮ ಕಡಿಂದ ಏನರ ತಪ್ಪಾತೇನು?” ಹಾಲಸಿದ್ದನ ಮುಖದಲ್ಲಿ ನಾಟಕ ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ನಾಮದೇವನಿಗೆ ಅದೇ ಹೆಚ್ಚು ಉರಿಯಿತು. ಹೇಳಬೇಕೆಂದು ಬಾಯಿ ತೆರೆದ.

ಅಷ್ಟರಲ್ಲಿ ಹಾಲಸಿದ್ದನೇ, “ಅಲ್ಲೋ, ನಿಪ್ಪಾಣಿಯೊಳಗ ನಮ್ಮ ಬೀಗರದೂ ಇಂಥಾದ ಮನಿ ಐತಿ. ನಿನ್ನ ಹೆಸರ ನಾನ ಹೇಳೇನಿ. ಸೋಮವಾರ ಬಾ ಅಂದಾರ,” ಎಂದ.

ನಾಮದೇವ ಕರಣಿ, ತೂಕದ ಗುಂಡು, ಉಳಿದ ಸಾಮಾನು ಚೀಲಕ್ಕೆ ಹಾಕಿ ಗಾಡಿಗೆ ಕಟ್ಟಿದ. ಕಟ್ಟುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಬರ್ತಾನಂತ ಹೇಳ್ರಿ,” ಎಂದು ಕಿಕ್ ಹೊಡೆದ.