ನಾಲ್ಕು ಕಾಲಿನ ತಿಮಿಂಗಿಲ

ರಾಯಚೂರಿನಿಂದ ಸಮುದ್ರ ಎರಡೂ ದಿಕ್ಕಿಗೆ ದೂರ. ಪೂರ್ವಕ್ಕೆ ಹೊರಟರೂ ಒಂದು ದಿನ ಹಿಡಿಯುತ್ತದೆ, ಪಶ್ಚಿಮಕ್ಕೆ ಹೊರಟರೂ ಅಷ್ಟೇ. ನಮ್ಮ ಜಿಲ್ಲೆಯನ್ನು ಎರಡು ಕಡಲುಗಳೂ ಇಷ್ಟು ಸಮನಾಗಿ ಅಲಕ್ಷಿಸಿರುವಾಗ, ಮಾನ್ವಿಯ ಪ್ರೌಢಶಾಲೆಯಲ್ಲಿ ಚಿತ್ರಕಲಾ ಮಾಸ್ತರನಾಗಿದ್ದ ನನಗೆ ಒಂದು ದಿನ ಸುತ್ತೋಲೆ ಬಂತು: ಕಡಲತೀರದ ಕಸದಿಂದ ಕಡಲ ಪ್ರಾಣಿಗಳ ಶಿಲ್ಪ ರಚಿಸತಕ್ಕದ್ದು.

ಕರಾವಳಿಗೆಂದು ಬರೆದ ಕಾಗದ ಘಟ್ಟ ಹತ್ತಿ, ಬಯಲು ದಾಟಿ ಮಾನ್ವಿಯವರೆಗೆ ಬಂದಿತ್ತು. ದಾರಿಯಲ್ಲಿ ಯಾರೂ ಅದನ್ನು ತಡೆದು, ಎಲ್ಲಿಗೆ ಹೊರಟೆಯಪ್ಪಾ ಎಂದು ಕೇಳಿರಲಿಲ್ಲ. ನಾನು ಹೆಡ್ ಮಾಸ್ತರರ ಮುಂದೆ ಹೋಗಿ ನಿಂತೆ.

“ಸರ್, ನಮಗ ಸಮುದ್ರ ಇಲ್ಲಲ್ರಿ.”

“ಅದು ಅವರಿಗೆ ಗೊತ್ತಿಲ್ಲೇನ್ರಿ? ಗೊತ್ತಿದ್ದೇ ಕಳಿಸ್ಯಾರ. ಜಿಲ್ಲಾದಾಗ ಕೃಷ್ಣಾ ಹೊಳಿ ಅದಲ್ಲ? ಹೊಳೀನೇ ಸಮುದ್ರ ಅಂತ ತಿಳ್ಕೊರಿ.”

ಹೀಗೆ ಒಂದು ಪೀರಿಯಡ್ಡು ಮುಗಿಯುವುದರೊಳಗೆ ಕೃಷ್ಣೆ ಸಮುದ್ರವಾದಳು.

ನಾನು ಮರುಮಾತಾಡದಿರುವುದಕ್ಕೆ ಕಾರಣವಿತ್ತು. ಆಯ್ಕೆಯಾದ ಶಿಲ್ಪವನ್ನು ರಾಯಚೂರಿನ ಒಂದು ದೊಡ್ಡ ಕಚೇರಿಯ ಮುಂದೆ ಕಾಯಂ ನಿಲ್ಲಿಸಲಾಗುವುದು ಎಂದು ಸುತ್ತೋಲೆಯ ಕೊನೆಯ ಸಾಲು ಹೇಳುತ್ತಿತ್ತು. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಆಯುಷ್ಯವಿಡೀ ಮಡಕೆ, ಮಾವಿನಹಣ್ಣು, ದಾಸವಾಳ, ಮತ್ತೆ ಮಡಕೆ ಎಂದು ಕಲಿಸಿದ ನನ್ನ ಕೈಯ ಒಂದು ಕೆಲಸವೂ ಎಲ್ಲೂ ಉಳಿದಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಬರೆದ ಭಾರತದ ನಕಾಶೆಗೆ, ಇನ್ಸ್‌ಪೆಕ್ಷನ್ ಇದೆಯೆಂದು ಸುಣ್ಣ ಬಳಿದರು. ಗಣರಾಜ್ಯೋತ್ಸವಕ್ಕೆ ಕಟ್ಟಿಗೆಯಲ್ಲಿ ಮಾಡಿದ ನವಿಲನ್ನು ಮರುದಿನವೇ ಬಿಸಿಯೂಟದ ಒಲೆಗೆ ಹಾಕಿದರು; ಸಾರು ಚೆನ್ನಾಗಿತ್ತೆಂದು ಆಮೇಲೆ ನನಗೇ ಹೇಳಿದರು. ನನ್ನದೊಂದು ವಸ್ತು ಎಲ್ಲಾದರೂ ನಿಲ್ಲಬೇಕು, ಹಾದುಹೋಗುವವರು ಒಂದು ಗಳಿಗೆ ತಿರುಗಿ ನೋಡಬೇಕು. ಇಷ್ಟೇ ನನ್ನ ಆಸೆ. ಆಸೆ ಸಣ್ಣದಾದ್ದರಿಂದ ಪ್ರಾಣಿಯನ್ನು ದೊಡ್ಡದೇ ಆರಿಸಿಕೊಂಡೆ.

ಕಸ ಹುಡುಕುವುದು ಕಷ್ಟವಾಗಲಿಲ್ಲ. ದೇವಸುಗೂರಿನಿಂದ ಆಚೆ, ಹೆಸರು ಹೇಳಿದರೆ ಊರವರು ಸಿಟ್ಟಾಗುವ ಒಂದು ದಂಡೆಯಿದೆ. ಅಲ್ಲಿ ಹೊಳೆಯಲ್ಲಿ ಮಿಂದವರು ಮೈಮೇಲಿನ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು, ಬೇರೆ ಉಟ್ಟು ಹೋಗುತ್ತಾರೆ. ಬಟ್ಟೆಯೊಂದಿಗೆ ಪೀಡೆಯೂ ಹೋಗುತ್ತದೆಂಬುದು ನಂಬಿಕೆ. ಪೀಡೆಯ ವಿಷಯ ನಾನು ಹೇಳಲಾರೆ. ಬಟ್ಟೆ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಲುಂಗಿ, ಬನಿಯನ್, ಸೀರೆ, ಒಂಟಿ ಚಪ್ಪಲಿ, ನೀರಿನ ಬಾಟಲಿ, ಶಾಂಪೂ ಪಾಕೀಟು, ಎಲ್ಲ ಸೇರಿ ಆರು ಗೋಣಿಚೀಲವಾಯಿತು. ಬಾಡಿಗೆ ಟೆಂಪೋದಲ್ಲಿ ಹೇರಿಕೊಂಡು ಮನೆಗೆ ಬಂದೆ.

ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು.

“ಏನ್ರಿ ಇವು?”

“ತಿಮಿಂಗಿಲ.”

ಒಂದು ಚೀಲದ ಬಾಯಿ ಬಿಚ್ಚಿ ನೋಡಿದಳು. “ಮಂದಿ ಪೀಡಾ ಕಳಕೊಳ್ಳಾಕ ಬಿಟ್ಟ ಅರಿಬಿ ಅಲ್ಲೇನು ಇವು? ಅವರು ಬಿಟ್ಟು ಹೋದ್ರು, ನೀವು ಚೀಲದಾಗ ತುಂಬಿಕೊಂಡು ಬಂದ್ರಿ! ಜಿಲ್ಲಾದ ಪೀಡಾ ಎಲ್ಲಾ ನಮ್ಮ ಮನಿಗೇ ಬೇಕಿತ್ತೇನು? ಹೊಸ್ತಿಲ ದಾಟಿಸಿದ್ರ ನೋಡ್ರಿ ಮತ್ತ.”

“ಎಲ್ಲಿ ಇಡ್ಲಿ ಹಂಗಾರ?”

“ದೇವದುರ್ಗಕ್ಕ ಒಯ್ರಿ, ನನ್ನ ತಮ್ಮನ ಅಂಗಡಿಗೆ.”

ತಮ್ಮನಿಗೆ ಪೀಡೆ ತಗುಲಬಹುದೆಂಬ ಚಿಂತೆ ಅವಳ ಮುಖದಲ್ಲಿ ಕಾಣಲಿಲ್ಲ.

ತಮ್ಮನದು ವೆಲ್ಡಿಂಗ್ ಅಂಗಡಿ. ಕಿಟಕಿಯ ಜಾಲರಿ, ಗೇಟು, ಮಂಚ, ನೀರಿನ ಟಾಕಿಯ ಸ್ಟ್ಯಾಂಡು ಅವನ ಕೈಯಲ್ಲಿ ಸಲೀಸು. ನಾನು ಕಾಗದದ ಮೇಲೆ ತಿಮಿಂಗಿಲ ಬರೆದುಕೊಟ್ಟೆ. ಕಬ್ಬಿಣದ ಅಸ್ಥಿಪಂಜರ ಅವನು ಮಾಡಬೇಕು, ಅದರ ಮೇಲೆ ಬಟ್ಟೆ ಬಾಟಲಿಗಳ ಮೈ ನಾನು ಹೊಲಿಯಬೇಕು ಎಂದು ಒಪ್ಪಂದವಾಯಿತು. ಅಷ್ಟರಲ್ಲಿ ನನಗೆ ಪರೀಕ್ಷೆಯ ಕೆಲಸ ಬಿತ್ತು. ಹತ್ತು ದಿನ ಬಿಟ್ಟು ಹೋದರೆ ಪ್ರಾಣಿ ಅಂಗಡಿಯ ಮುಂದೆ ನಿಂತಿತ್ತು. ನಿಂತಿತ್ತು ಎಂದರೆ, ನಾಲ್ಕು ಕಾಲಿನ ಮೇಲೆ ನಿಂತಿತ್ತು.

“ಇವೇನೋ?”

“ಕಾಲು, ಮಾಮಾ.”

“ತಿಮಿಂಗಿಲಕ್ಕ ಕಾಲು ಎಲ್ಲಿ ಇರ್ತಾವಲೇ?”

“ನೀವು ನೋಡೀರೇನು ತಿಮಿಂಗಿಲ?”

“ಇಲ್ಲ.”

“ನಾನೂ ನೋಡಿಲ್ಲ. ಮತ್ತ?”

ಅವನು ಸಮಾಧಾನದಿಂದ ಮುಂದುವರಿಸಿದ. “ನೀರಾಗ ಇದ್ರ ತೇಲ್ತದ, ಕಾಲು ಬ್ಯಾಡ. ಇದು ಆಫೀಸಿನ ಮುಂದ ನಿಂದರಬೇಕು ಅಂದ್ರಿ. ನಿಂದರಾಕ ಕಾಲು ಬೇಕಲ್ಲ? ನನ್ನ ಅಂಗಡ್ಯಾಗ ಕಾಲಿಲ್ಲದ ಮಾಲು ಒಂದೂ ಹೊರಗ ಹೋಗಿಲ್ಲ.”

ಕಾಲು ಬರಿದಾಗಿ ಕಾಣುತ್ತವೆಂದು ಚಪ್ಪಲಿಗಳನ್ನು ಸುತ್ತಲೂ ತಂತಿಯಿಂದ ಬಿಗಿದಿದ್ದ. ಬಾಯಿ ಬೋಳಾಗಿ ಕಾಣುತ್ತದೆಂದು ಗೇಟಿನ ಮೇಲೆ ಕೂರಿಸುವ ಚೂಪು ಮೊನೆಗಳನ್ನು ಎರಡು ಸಾಲು ಬೆಸೆದಿದ್ದ. ಕಬ್ಬಿಣದ ಪಟ್ಟಿ ಉದ್ದ ಇತ್ತು, ಕತ್ತರಿಸಲು ಮನಸ್ಸು ಬರಲಿಲ್ಲ. ಆದ್ದರಿಂದ ಬಾಲವೂ ಉದ್ದವಾಗಿತ್ತು. ಕೊಯ್ದು ತೆಗೆಯಲು ದಿನ ಉಳಿದಿರಲಿಲ್ಲ. ನಾನು ಬಟ್ಟೆ ಹೊಲಿದೆ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ರಾಯಚೂರಿಗೆ ಹೊರಟೆವು. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು, ಅದೊಂದು ಸಂತೋಷ. ಒಂದು ಚಹಾದಂಗಡಿಯ ಮುಂದೆ ಮುದುಕಿಯೊಬ್ಬಳು ಎದ್ದು ನಿಂತು, “ಯಪ್ಪಾ, ಎಲ್ಲಿ ಹಿಡಿದ್ರಿ ಇದನ್ನ?” ಎಂದು ಕೇಳಿದಳು.

ಕಚೇರಿಯ ಅಂಗಳದಲ್ಲಿ ಮೂವರ ಸಮಿತಿ ಕೈ ಹಿಂದೆ ಕಟ್ಟಿಕೊಂಡು ಸುತ್ತು ಬಂತು. ಪಕ್ಕದಲ್ಲಿ ಇನ್ನೊಂದು ಶಾಲೆಯವರ ಆಮೆಯಿತ್ತು. ಕಡು ಹಸಿರು ಬುಟ್ಟಿಗಳಿಂದ ಮಾಡಿದ ಚೆಲುವಾದ ಆಮೆ. ಬೆನ್ನ ಮೇಲೆ ಬಜಾರಿನ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅಷ್ಟು ಸ್ವಚ್ಛವಾದ ಕಸವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

“ನಿಮ್ದು ಏನ್ರಿ ಮಾಸ್ತರ?” ಎಂದರು ಸಮಿತಿಯ ಹಿರಿಯರು.

“ತಿಮಿಂಗಿಲ, ಸರ್.”

“ಕಾಲು?”

“ಆಧಾರಕ್ಕ, ಸರ್.”

“ವಾಸನಿ?”

ನಿಜವಾದ ಕಸಕ್ಕೆ ನಿಜವಾದ ವಾಸನೆ ಇತ್ತು. ಆಮೆ ಆಯ್ಕೆಯಾಯಿತು. ಸಂಜೆಯೊಳಗೆ ನಿಮ್ಮದನ್ನು ಎತ್ತಿಕೊಂಡು ಹೋಗಿ ಎಂದರು.

ಮನೆಗೆ ಒಯ್ಯುವಂತಿರಲಿಲ್ಲ. ಅಂಗಡಿಯಲ್ಲಿ ಜಾಗವಿರಲಿಲ್ಲ. “ಎಲ್ಲಿಂದ ತಂದೀರೋ ಅಲ್ಲೇ ಬಿಟ್ಟು ಬರೂಣು ನಡೀರಿ ಮಾಮಾ,” ಎಂದ ಭಾವಮೈದುನ. ಹೊಳೆಯ ದಂಡೆಯಲ್ಲಿ, ಮೆಟ್ಟಿಲುಗಳ ಆಚೆ ನೀರು ಆಳವಿರುವ ಕಡೆ ಇಳಿಸಿದೆವು. ನಾನು ಹಿಂತಿರುಗಿ ನೋಡಲಿಲ್ಲ. ಮಡಕೆ, ಮಾವಿನಹಣ್ಣಿಗೆ ವಾಪಸ್ಸಾದೆ.

ಒಂದೂವರೆ ತಿಂಗಳಾದ ಮೇಲೆ ಆ ಊರಿನ ಪಂಚಾಯಿತಿ ಸದಸ್ಯರೊಬ್ಬರು ಭಾವಮೈದುನನ ಮೂಲಕ ನನ್ನನ್ನು ಕರೆಸಿದರು. ದಂಡೆ ಕೆಡಿಸಿದ್ದಕ್ಕೆ ಜಗಳವಾಡುತ್ತಾರೆಂದುಕೊಂಡು ಹೋದೆ. ಅವರು ಕೈಕುಲುಕಿದರು.

“ನೀವೇನ್ರಿ ಮಾಡಿದ್ದು? ಭಾಳ ಉಪಕಾರ ಆತ್ರಿ. ಆ ಮಡುವಿನಾಗ ಮೊಸಳಿ ಅದ ಅಂತ ನಾವು ಎಷ್ಟು ಬಡಕೊಂಡ್ರೂ ಮಂದಿ ಕೇಳತಿದ್ದಿಲ್ಲ. ಬೋರ್ಡ್ ಹಾಕಿದ್ರ ಬೋರ್ಡಿಗೇ ಟವೆಲ್ ಒಣಗಿ ಹಾಕತಿದ್ರು. ಈಗ ಒಬ್ಬರೂ ಆ ಕಡಿ ಇಳಿಯಂಗಿಲ್ಲ. ಮೊಸಳಿ ಏನು ಮಾಡೀರಿ! ಹಲ್ಲು ನೋಡಿದ್ರ ಎದಿ ಝಲ್ ಅಂತದ. ಇಲ್ಲೇ ಕಾಯಂ ಇರ್ಲಿ ಅಂತ ಠರಾವು ಮಾಡೀವ್ರಿ.”

ನೋಡಿದೆ. ಅದರ ಕಾಲ ಬುಡಕ್ಕೆ ಸಿಮೆಂಟು ಹಾಕಿ ನೆಟ್ಟಿದ್ದರು. ಮುಂದೆ ಹಲಗೆ: ‘ಮೊಸಳೆ ಇದೆ. ನೀರಿಗೆ ಇಳಿಯಬೇಡಿ.’

ಇದು ತಿಮಿಂಗಿಲ ಎಂದು ಹೇಳಲು ಬಾಯಿ ತೆರೆದೆ. ಭಾವಮೈದುನ ಮೊಣಕೈಯಿಂದ ತಿವಿದ. ತಿಮಿಂಗಿಲ ಎಂದರೆ ಅದು ಕಸ. ಮೊಸಳೆ ಎಂದರೆ ಕಾಯಂ.

“ಕಾಲು ಸರಿ ಅದಾವಲ್ರಿ?” ಎಂದು ಕೇಳಿದೆ.

“ಕಾಲೇ ಛಲೋ ಬಂದಾವ ನೋಡ್ರಿ,” ಎಂದರು ಸದಸ್ಯರು. ಭಾವಮೈದುನ ಆಕಾಶ ನೋಡುತ್ತಿದ್ದ.

ಈಗ ನಿವೃತ್ತನಾಗಿದ್ದೇನೆ. ಆಗಾಗ ಹೋಗಿ ನೋಡಿಬರುತ್ತೇನೆ. ಮಡುವಿಗೆ ಯಾರೂ ಇಳಿಯುವುದಿಲ್ಲ. ಮೆಟ್ಟಿಲ ಬಳಿ ಮಿಂದು, ಒದ್ದೆ ಬಟ್ಟೆಯನ್ನು ದಂಡೆಯಲ್ಲಿ ಬಿಡುವ ಬದಲು ಮೊಸಳೆಯ ಮೇಲೆ ಹೊದಿಸಿ, ಕೈಮುಗಿದು ಹೋಗುತ್ತಾರೆ. ಪಂಚಾಯಿತಿಯವರು ತೆಗೆಯುವುದಿಲ್ಲ; ಅನ್ಯರ ಪೀಡೆಯನ್ನು ಮುಟ್ಟುವವರು ಯಾರು? ಹೀಗೆ ದಿನದಿಂದ ದಿನಕ್ಕೆ ಅದು ದಪ್ಪವಾಗುತ್ತಿದೆ. ಹೊಟ್ಟೆ ಇಳಿದಿದೆ, ಬೆನ್ನು ಗುಡ್ಡವಾಗಿದೆ, ಬಾಲ ಮೋಟಾಗಿದೆ. ಹೋದ ಸಲ ನೋಡಿದಾಗ ಕಾಲುಗಳು ಪೂರ್ತಿ ಮುಚ್ಚಿಹೋಗಿದ್ದವು.