ಅಪ್ಪ ಗೆದ್ದದ್ದು ಮೊಳಕಾಲ್ಮುರಿನಲ್ಲಿ

ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಚೀಲ ತೂಗಿಸುವ ಕೆಲಸದಲ್ಲಿದ್ದರು. ಮಾವ, ಅಂದರೆ ಅವ್ವನ ತಮ್ಮ, ಮೊಳಕಾಲ್ಮುರು ತಾಲ್ಲೂಕಿನಲ್ಲಿ ಸಿದ್ದಾಪುರದ ಆಚೆಯ ಹಟ್ಟಿಯೊಂದರಲ್ಲಿ ಕುರಿ, ಹೊಲ ನೋಡಿಕೊಂಡಿದ್ದ. ಸಾಮಾನ್ಯ ದಿನಗಳಲ್ಲಿ ಇಬ್ಬರೂ ಒಂದೇ ಬೀಡಿ ಕಟ್ಟಿನಲ್ಲಿ ಸೇದುವಷ್ಟು ಹೊಂದಾಣಿಕೆ. ವಿಧಾನಸಭೆ ಚುನಾವಣೆ ಬಂತೆಂದರೆ ಮಾತ್ರ ಒಬ್ಬರ ನೆರಳು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಅಪ್ಪನದು ಒಂದು ಪಕ್ಷ, ಮಾವನದು ಇನ್ನೊಂದು.

ಯಾಕೆ ಎಂದು ಇಬ್ಬರನ್ನೂ ಕೇಳಿದ್ದೇನೆ. "ನಮ್ಮಪ್ಪನ ಕಾಲದಿಂದ ಅದಕ್ಕೇ ಹಾಕ್ತಾ ಬಂದೀವಿ" ಎಂದು ಅಪ್ಪ ಹೇಳಿದರು. ಮಾವನ ಕಾರಣ ಇದಕ್ಕಿಂತ ಗಟ್ಟಿಯಾಗಿತ್ತು. ಆ ಪಕ್ಷದ ಮುಖಂಡರೊಬ್ಬರು ಒಂದು ಸಲ ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿಸಿದ್ದರು.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಆಗ ಪಿಯುಸಿ ಓದುತ್ತಿದ್ದೆ. ಪ್ರಚಾರ ಕಾವೇರಿದ್ದ ಒಂದು ಮಧ್ಯಾಹ್ನ ಮಾವ ಬೈಕಿನ ಹ್ಯಾಂಡಲಿಗೆ ತನ್ನ ಪಕ್ಷದ ಬಾವುಟ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಅಪ್ಪ ಬಾಗಿಲಲ್ಲೇ ನಿಂತು ತಡೆದರು.

"ಅದನ್ನ ಬಿಚ್ಚಿಟ್ಟು ಒಳಗೆ ಬಾ."

"ಬಾವುಟ ಬಿಚ್ಚಾಕೆ ಬಂದಿಲ್ಲ ಬಾವ, ನಮ್ಮಕ್ಕನ್ನ ನೋಡಾಕೆ ಬಂದೀನಿ."

"ಹಂಗಾದ್ರೆ ನಿಮ್ಮಕ್ಕನ್ನ ಬೀದ್ಯಾಗೇ ನೋಡ್ಕೊಂಡು ಹೋಗು."

ಮಾವನ ಮುಖ ಕೆಂಪಾಯಿತು. "ಗೆದ್ದು ಬಂದು ಈ ಹೊಸ್ತಿಲು ತುಳೀತೀನಿ. ಅಲ್ಲೀತನಕ ನಿಮ್ಮನಿ ನೀರೂ ಬ್ಯಾಡ ನಂಗೆ" ಎಂದು ಬೈಕು ತಿರುಗಿಸಿದ. ಒಳಗಿನಿಂದ ಅವ್ವ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ, ಪೇಪರಿನಲ್ಲಿ ಸುತ್ತಿ ತಂದು ಬೈಕಿನ ಪಕ್ಕದ ಚೀಲಕ್ಕೆ ತುರುಕಿದಳು. ಬೇಡ ಎಂದದ್ದು ನೀರನ್ನು ಮಾತ್ರವಾದ್ದರಿಂದ ಮಾವ ರೊಟ್ಟಿ ಒಯ್ದ.

ಅಲ್ಲಿಂದ ಮತದಾನದವರೆಗೆ ಇಬ್ಬರೂ ಮನೆ ಮಠ ಮರೆತರು. ಅಪ್ಪ ಮಿಲ್ಲಿಗೆ ರಜೆ ಹಾಕಿ ಚಳ್ಳಕೆರೆಯ ಓಣಿ ಓಣಿ ತಿರುಗಿದರು. ಮಾವ ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ಗಡಿಯ ಹಳ್ಳಿಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಭಾಷಣ ಮಾಡಿದ. ಅವ್ವ ಮತದಾನದ ದಿನ ಬೆಳಗ್ಗೆಯೇ ಹೋಗಿ ಸರತಿಯಲ್ಲಿ ನಿಂತು ಬಂದಳು. ಯಾರಿಗೆ ಹಾಕಿದೆ ಎಂದು ಅಪ್ಪ ಸುತ್ತಿ ಬಳಸಿ ಕೇಳಿದರು. "ಸೀಲು ಒತ್ತಿ, ಮಡಚಿ, ಪೆಟ್ಟಿಗ್ಯಾಗೆ ಹಾಕೀನಿ. ಇನ್ನೇನು ಬೇಕು?" ಎಂದಳು.

ಎಣಿಕೆ ಜಿಲ್ಲೆಯ ಎಲ್ಲ ಕ್ಷೇತ್ರಗಳದ್ದೂ ಚಿತ್ರದುರ್ಗದಲ್ಲೇ. ಅಪ್ಪ ಚಳ್ಳಕೆರೆಯ ಟೇಬಲ್ಲಿಗೆ ತಮ್ಮ ಪಕ್ಷದ ಏಜೆಂಟು, ಮಾವ ಮೊಳಕಾಲ್ಮುರಿನ ಟೇಬಲ್ಲಿಗೆ ತನ್ನ ಪಕ್ಷದ ಏಜೆಂಟು. ಒಂದೇ ಕಟ್ಟಡದಲ್ಲಿ ದಿನವಿಡೀ ಇದ್ದರೂ ಒಬ್ಬರ ಕಡೆ ಒಬ್ಬರು ನೋಡಲಿಲ್ಲವಂತೆ.

ಮನೆಯಲ್ಲಿ ಅವ್ವ ನವಣೆ ಹಸನು ಮಾಡುತ್ತ ರೇಡಿಯೋ ಮುಂದೆ ಕೂತಿದ್ದಳು. ಸಂಜೆಯ ವಾರ್ತೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಫಲಿತಾಂಶ ಓದಿದರು. ಚಳ್ಳಕೆರೆಯಲ್ಲಿ ಅಪ್ಪನ ಅಭ್ಯರ್ಥಿ ಸೋತಿದ್ದರು. ಮೊಳಕಾಲ್ಮುರಿನಲ್ಲಿ ಮಾವನ ಅಭ್ಯರ್ಥಿ ಸೋತಿದ್ದರು.

"ಇಬ್ರೂ ಸೋತ್ರಾ? ಹಂಗಾದ್ರೆ ಗೆದ್ದೋರು ಯಾರು?" ಅವ್ವ ಮೊರ ಕೆಳಗಿಟ್ಟಳು.

ನಾನು ಬಿಡಿಸಿ ಹೇಳಿದೆ. "ಇಲ್ಲಿ ಗೆದ್ದಿರೋದು ಮಾವನ ಪಕ್ಷ. ಅಲ್ಲಿ ಗೆದ್ದಿರೋದು ಅಪ್ಪನ ಪಕ್ಷ."

ಅವ್ವ ಎರಡು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದ್ರೆ ಇಬ್ರೂ ಗೆದ್ರು" ಎಂದು ತೀರ್ಮಾನಿಸಿ, ರೇಡಿಯೋ ಆರಿಸಿ, ಮುದ್ದೆಗೆ ಎಸರು ಇನ್ನಷ್ಟು ಇಟ್ಟಳು.

ದುರ್ಗದಿಂದ ಇಬ್ಬರೂ ಬಂದದ್ದು ಒಂದೇ ಬಸ್ಸಿನಲ್ಲಿ. ಅಪ್ಪ ಡ್ರೈವರ್ ಹಿಂದೆ, ಮಾವ ಕಟ್ಟಕಡೆಯ ಸೀಟಿನಲ್ಲಿ. ಮಾವ ಚಳ್ಳಕೆರೆಯಲ್ಲಿಳಿದು ಮೊಳಕಾಲ್ಮುರಿನ ಬಸ್ಸು ಹಿಡಿಯಬೇಕಿತ್ತು. ಸೋತ ಮುಖ ಹೊತ್ತು ಇಳಿದವನಿಗೆ ನಿಲ್ದಾಣದ ಮುಂದೆ ತನ್ನ ಪಕ್ಷದ ವಿಜಯ ಮೆರವಣಿಗೆ ಎದುರಾಯಿತು. ಗುರುತಿನ ಒಂದಿಬ್ಬರು "ನಮ್ಮೋನು ಬಂದ!" ಎಂದು ಕೂಗಿ, ಗುಲಾಲು ಬಳಿದು, ಕೊರಳಿಗೆ ಹಾರ ಹಾಕಿ, ತಮಟೆಯವರ ನಡುವೆ ನಿಲ್ಲಿಸಿಬಿಟ್ಟರು. ಮೊದಲು ಮಾವ ಕೈ ಅಡ್ಡ ಹಿಡಿದನಂತೆ. ಆಮೇಲೆ ಕುಣಿದ. ಅಪ್ಪ ಅಂಗಡಿಯೊಂದರ ಜಗಲಿ ಹತ್ತಿ ಇದನ್ನೆಲ್ಲ ನೋಡಿ, ಒಳಗಿನ ಗಲ್ಲಿಗಳಲ್ಲಿ ನಡೆದು ಮನೆ ಸೇರಿದರು.

ಅಷ್ಟರಲ್ಲಿ ಮೆರವಣಿಗೆ ನಮ್ಮ ಬೀದಿಗೇ ತಿರುಗಿತು. ಮಾವ ಅದರಿಂದ ಕಳಚಿಕೊಂಡು ನಮ್ಮ ಬಾಗಿಲ ಮುಂದೆ ಬಂದು ನಿಂತ. ತಲೆಯಿಂದ ಕಾಲಿನವರೆಗೆ ಕೆಂಪು. ಹೊಸ್ತಿಲು ಮಾತ್ರ ದಾಟಲಿಲ್ಲ.

"ಗೆದ್ದೀಯೇನಲೇ?" ಅವ್ವ ಕೇಳಿದಳು.

"ಇಲ್ಲಿ ಗೆದ್ದೀನಕ್ಕ. ನಮ್ಮೂರಾಗೆ ಸೋತೀನಿ."

"ಹಂಗಾದ್ರೆ ಒಂದು ಕಾಲು ಒಳಗಿಡು. ಇನ್ನೊಂದನ್ನ ನಿಮ್ಮ ಬಾವನ್ನ ಕೇಳಿ ಇಡು."

ಅಪ್ಪ ಗೋಡೆ ನೋಡಿಕೊಂಡು ಕೂತಿದ್ದವರು, "ಅವನ ಕೈಗೆ ಸೋಪು ಕೊಡ್ರಿ. ಮನೆಯೆಲ್ಲ ಬಣ್ಣ ಮಾಡ್ತಾನೆ" ಎಂದರು. ಅಪ್ಪನ ಬಾಯಲ್ಲಿ ರಾಜಿ ಎಂದರೆ ಅಷ್ಟೇ. ಮಾವ ಎರಡೂ ಕಾಲು ಒಳಗಿಟ್ಟ. ಊಟಕ್ಕೆ ಪಕ್ಕಪಕ್ಕ ಕೂತರೂ ಮಾತಿಲ್ಲ. ಸಾರು ಬೇಕಾದಾಗ ಇಬ್ಬರೂ ಅವ್ವನನ್ನೇ ನೋಡುತ್ತಿದ್ದರು.

ಮರುದಿನ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲಿಗೆ ಎಂದು ಹೇಳದೆ ಮೊಳಕಾಲ್ಮುರಿನ ಬಸ್ಸು ಹತ್ತಿದರು. ಸಂಜೆ ಬಂದಾಗ ಅವರ ತಲೆಯಲ್ಲೂ ಗುಲಾಲು, ಹೆಗಲಲ್ಲೊಂದು ಶಾಲು. ಸ್ವಂತ ಊರಿನಲ್ಲಿ ಸೋತವರು ಪಕ್ಕದ ತಾಲ್ಲೂಕಿನವರೆಗೆ ಪ್ರಯಾಣ ಮಾಡಿ ಗೆಲುವನ್ನು ಅನುಭವಿಸಿ ಬಂದಿದ್ದರು.

ಗುಲಾಲು ತೊಳೆದುಹೋದ ಮೇಲೆ ಕಷ್ಟ ಶುರುವಾಯಿತು. ಮಾವನ ಹಟ್ಟಿಗೆ ಬಸ್ಸು ಬರುತ್ತಿರಲಿಲ್ಲ. ಕ್ರಾಸಿನಲ್ಲಿ ಇಳಿದು ಬಿಸಿಲಲ್ಲಿ ನಡೆಯಬೇಕು. ಬಸ್ಸು ತರಿಸುತ್ತೇನೆಂದು ಮಾವ ಊರಿಗೆಲ್ಲ ಮಾತು ಕೊಟ್ಟಿದ್ದ. ಈಗ ಅಲ್ಲಿ ಗೆದ್ದವರು ಅಪ್ಪನ ಪಕ್ಷದವರು. ಇತ್ತ ನಮ್ಮ ಬೀದಿಗೆ ನಲ್ಲಿ ಹಾಕಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಇಲ್ಲಿ ಗೆದ್ದವರು ಮಾವನ ಪಕ್ಷದವರು. ಹೀಗಾಗಿ ಒಂದು ದಿನ ಮಾವ ತಲೆ ತಗ್ಗಿಸಿ ಬಂದು, "ಬಾವ, ನೀವೊಂದು ಮಾತು ಹೇಳ್ರಿ" ಎಂದ. ಅಪ್ಪನಿಗೆ ಇದಕ್ಕಿಂತ ದೊಡ್ಡ ವಿಜಯೋತ್ಸವ ಬೇಕಿರಲಿಲ್ಲ. ಆ ಶಾಲು ಹೊದ್ದು ಹೊರಟರು. ಅಜ್ಜಿಯ ಮನೆಗೆ ಹೋಗುವ ನೆಪದಲ್ಲಿ ನಾನೂ ಜೊತೆಗೆ ಹೋದೆ.

ಮೊಳಕಾಲ್ಮುರಿನಲ್ಲಿ ಶಾಸಕರಿರಲಿಲ್ಲ, ಬೆಂಗಳೂರಿಗೆ ಹೋಗಿದ್ದರು. ಅಹವಾಲು ಕೇಳಲು ಅವರ ಕಡೆಯವರೊಬ್ಬರು ಕೂತಿದ್ದರು. ಅವರ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವರನ್ನು ನೋಡಿ ಮಾವ ಬಾಗಿಲಲ್ಲೇ ತಡೆದು ನಿಂತ. ಮಾವನನ್ನು ಜೀಪಿನಲ್ಲಿ ಕೂರಿಸಿಕೊಂಡು ಸುತ್ತಿದ್ದ ಮುಖಂಡರು! ಫಲಿತಾಂಶ ಬಂದ ವಾರದಲ್ಲೇ ಪಕ್ಷ ಬದಲಿಸಿದ್ದರಂತೆ. ಅವರು ಮಾವನನ್ನು ನೋಡಿದರು, ಫ್ಯಾನು ನೋಡಿದರು, ಆಮೇಲೆ ಫ್ಯಾನನ್ನೇ ನೋಡುತ್ತ ಉಳಿದರು.

ಅಹವಾಲು ಕೇಳುವವರು ಅಪ್ಪನನ್ನು ಕೇಳಿದರು: "ನೀವು ಯಾವೂರೋರು?"

"ಚಳ್ಳಕೆರೆ. ನಮ್ಮ ಪಕ್ಷಕ್ಕೆ ಭಾಳ ದುಡಿದೀನ್ರಿ."

"ಅಲ್ಲಿ ದುಡಿದೀರಿ. ನಿಮ್ಮ ವೋಟು ಇಲ್ಲಿಲ್ಲವಲ್ಲ." ಮಾವನ ಕಡೆ ತಿರುಗಿದರು. "ನಿಮ್ಮ ವೋಟು ಇಲ್ಲೇ ಐತೆ, ಆದ್ರೆ ನಮಗೆ ಬಿದ್ದಿಲ್ಲ."

ಪೆಟ್ಟಿಗೆಗಳ ಚೀಟಿಯನ್ನೆಲ್ಲ ಕಲಸಿ ಎಣಿಸಿದ್ದರು, ಮಾವನ ಚೀಟಿ ಯಾವುದೆಂದು ಅವರಿಗೆ ಹೇಗೆ ತಿಳಿಯಿತೋ. ಇಬ್ಬರೂ ಅರ್ಜಿ ಕೊಟ್ಟು ಹೊರಬಂದರು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಮಾವ ಬಹಳ ಹೊತ್ತು ತಿನ್ನಲೇ ಇಲ್ಲ. ಅಪ್ಪ ತಮ್ಮ ತಟ್ಟೆಯ ಬಜ್ಜಿಯನ್ನು ಅವನ ತಟ್ಟೆಗೆ ಹಾಕಿ, "ಜೀಪು ಅವರದಲ್ಲವೇನಲೇ? ಅವರು ತಿರುಗಿಸಿದ ಕಡೆ ತಿರುಗುತ್ತೆ. ತಿನ್ನು" ಎಂದರು. ಚುನಾವಣೆಯ ನಂತರ ಅಪ್ಪ ಮಾವನನ್ನು ನೇರವಾಗಿ ಮಾತನಾಡಿಸಿದ್ದು ಅದೇ ಮೊದಲು. ಮಾವನ ಕಣ್ಣಲ್ಲಿ ನೀರಿತ್ತು. ಖಾರಕ್ಕೆ ಎಂದ. ಮುಂದಿನ ವಾರ ಮಾವ ಅಪ್ಪನನ್ನು ಚಳ್ಳಕೆರೆಯಲ್ಲಿ ತನ್ನ ಪಕ್ಷದವರ ಬಳಿಗೆ ಕರೆದೊಯ್ದ. ಅಲ್ಲೂ ಹೆಚ್ಚುಕಡಿಮೆ ಅದೇ ಮಾತು ಕೇಳಿ ಬಂದರು.

ಬಸ್ಸೂ ಬಂತು, ನಲ್ಲಿಯೂ ಬಂತು, ಮುಂದಿನ ಚುನಾವಣೆ ಹತ್ತಿರವಾದಾಗ. ತರಿಸಿದವರು ತಾವೇ ಎಂದು ಎರಡೂ ಪಕ್ಷದವರು ಕರಪತ್ರ ಹಂಚಿದರು. ಅಪ್ಪ, ಮಾವ ಆ ಸಲ ರಾಜಕೀಯ ಬಿಟ್ಟರು ಎಂದು ಬರೆಯಬಹುದಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಮತ್ತೆ ರಜೆ, ಮತ್ತೆ ಭಾಷಣ, ಮತ್ತೆ ಮಾತು ಬಂದ್. ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಕೊನೆಗೆ ಅಪ್ಪನ ಪಕ್ಷವೂ ಮಾವನ ಪಕ್ಷವೂ ಕೈಕೈ ಹಿಡಿದು ಸರ್ಕಾರ ಮಾಡಿದವು.

ಆ ಸುದ್ದಿ ಬಂದ ಭಾನುವಾರ ಮಾವ ಹೊಸ ಬಸ್ಸಿನಲ್ಲಿ ಬಂದ. ಇಬ್ಬರೂ ಟಿವಿ ಮುಂದೆ ಮುಖ ಮುಖ ನೋಡಿಕೊಂಡು ಕೂತರು. ಇನ್ನೇನು ನಗುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಪ್ಪ, "ನೀರಾವರಿ ಖಾತೆ ನಮ್ಮೋರಿಗೇ ಬರಬೇಕು" ಎಂದರು. "ಅದೆಂಗೆ ಬಾವ? ಅದು ನಮ್ದು!" ಎಂದು ಮಾವ ಎದ್ದು ನಿಂತ. ಅವ್ವ ಒಲೆಯ ಉರಿ ಕಡಿಮೆ ಮಾಡಿ, ಹರಟೆಗೆಂದು ಪಕ್ಕದ ಮನೆಗೆ ಹೋದಳು.